ತೀರ ‘ಸ್ವಚ್ಛ’ವಾಯಿತು ಎನ್ನುವ ಮೊದಲು ಮರಳು ಅಗೆದು ನೋಡಬೇಕು

ಮಾನ್ಯ ಸಂಪಾದಕರೇ,

ಹಡಗಿನಿಂದ ಎಣ್ಣೆ ಸೋರಿದ ಸುದ್ದಿ ಬಂದು ಒಂದೆರಡು ವಾರ ಕಳೆಯುವಷ್ಟರಲ್ಲಿ ಅದರ ಹಿಂದೆಯೇ ಇನ್ನೊಂದು ಸುದ್ದಿ ಬರುತ್ತದೆ: ‘ಕಡಲತೀರ ಸ್ವಚ್ಛಗೊಂಡಿದೆ.’ ಜೊತೆಗೆ ಬಿಳಿ ಮರಳಿನ, ಸಾಲಾಗಿ ತುಂಬಿಟ್ಟ ಚೀಲಗಳ ಚಿತ್ರ. ಬಿಸಿಲಲ್ಲಿ ನಿಂತು ಆ ಜಿಡ್ಡನ್ನು ಬಾಚಿ ತೆಗೆದವರ ಶ್ರಮದ ಬಗ್ಗೆ ನಮಗೆ ಪೂರ್ಣ ಗೌರವವಿದೆ. ಆದರೂ ಆ ಮಾತನ್ನು ಹಾಗೆಯೇ ಅಚ್ಚು ಹಾಕಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇವೆ. ಕಣ್ಣಿಗೆ ಕಾಣುವ ಎಣ್ಣೆ ಹೋದ ದಿನ ಕೆಲಸ ಅರ್ಧ ಮಾತ್ರ ಆಗಿರುತ್ತದೆ. ಇನ್ನರ್ಧ ಮರಳು ಮತ್ತು ಕೆಸರಿನ ಒಳಗಿರುತ್ತದೆ.

1989ರ ಮಾರ್ಚ್ 24ರಂದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗು ಬಂಡೆಗೆ ತಗುಲಿ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರದ ಪಾಲಾಯಿತು. ಸಾವಿರಾರು ಜನರನ್ನು ಹಚ್ಚಿ ತೀರ ತೊಳೆಸಿದರು. ಹನ್ನೆರಡು ವರ್ಷಗಳ ನಂತರ, 2001ರಲ್ಲಿ, ವಿಜ್ಞಾನಿಗಳು ಅಲ್ಲಿನ 91 ಕಡೆಗಳಲ್ಲಿ ಸುಮಾರು 9,000 ಗುಂಡಿ ತೋಡಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಕಡೆ ಎಣ್ಣೆ ಇನ್ನೂ ಇತ್ತು. ಮೇಲೆ ಕಲ್ಲು ಒಣಗಿ ಚೊಕ್ಕವಾಗಿತ್ತು, ಒಳಗಿದ್ದ ಎಣ್ಣೆ ಹಸಿಯಾಗಿತ್ತು.

ಇದಕ್ಕಿಂತ ಚಿಕ್ಕ ಸೋರಿಕೆ ಇನ್ನೂ ದೊಡ್ಡ ಪಾಠ ಕಲಿಸಿದೆ. 1969ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ವೆಸ್ಟ್ ಫಾಲ್‌ಮೌತ್ ಬಳಿ ‘ಫ್ಲಾರಿಡಾ’ ಎಂಬ ಬಾರ್ಜ್ ನೆಲಕಚ್ಚಿ ಸುಮಾರು 7 ಲಕ್ಷ ಲೀಟರ್ ಡೀಸೆಲ್ ಜಾತಿಯ ಇಂಧನ ಸೋರಿತು. ಡೀಸೆಲ್ ಹಗುರ, ಬೇಗ ಆವಿಯಾಗಿ ಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಮೂವತ್ತು ವರ್ಷ ಕಳೆದ ಮೇಲೆ ಅಲ್ಲಿನ ಜೌಗು ಕೆಸರಿನಲ್ಲಿ ಕೊಳವೆ ಇಳಿಸಿ ಮಾದರಿ ತೆಗೆದಾಗ, ಮೇಲಿನ ಕೆಲವು ಸೆಂಟಿಮೀಟರ್ ಸ್ವಚ್ಛವಾಗಿತ್ತು, ಅದರ ಕೆಳಗಿನ ಪದರದಲ್ಲಿ ಹಳೆಯ ಎಣ್ಣೆ ಹಾಗೆಯೇ ಕೂತಿತ್ತು. ಅಲ್ಲಿನ ಏಡಿಗಳು ನೇರವಾಗಿ ಆಳಕ್ಕೆ ಬಿಲ ಕೊರೆಯುವುದನ್ನು ಬಿಟ್ಟು, ಎಣ್ಣೆ ಪದರ ಸಿಕ್ಕಿದೊಡನೆ ಅಡ್ಡಕ್ಕೆ ತಿರುಗಿಸುತ್ತಿದ್ದವು. ಆ ಕೆಸರಿನಲ್ಲಿ ಏನಿದೆ ಎಂಬುದು ಯಂತ್ರಕ್ಕೆ ಮೊದಲು ಏಡಿಗೆ ಗೊತ್ತಿತ್ತು.

ಇಷ್ಟು ಕಾಲ ಉಳಿಯುವುದು ಯಾಕೆ? ಉತ್ತರ ಆಮ್ಲಜನಕದಲ್ಲಿದೆ. ಎಣ್ಣೆಯನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾಗಳು ಎಲ್ಲ ಕಡಲಲ್ಲೂ ಇವೆ. ಅವಕ್ಕೆ 1 ಗ್ರಾಂ ಎಣ್ಣೆಯನ್ನು ಪೂರ್ತಿ ಜೀರ್ಣಿಸಲು ಸುಮಾರು 3 ಗ್ರಾಂ ಆಮ್ಲಜನಕ ಬೇಕು. 1 ಲೀಟರ್ ಸಮುದ್ರದ ನೀರಿನಲ್ಲಿ ಕರಗಿರುವುದು ಸಾಮಾನ್ಯವಾಗಿ 7–8 ಮಿಲಿಗ್ರಾಂ. ಅಂದರೆ 1 ಗ್ರಾಂ ಎಣ್ಣೆಗೆ ಸುಮಾರು 400 ಲೀಟರ್ ನೀರಿನ ಆಮ್ಲಜನಕ ಖರ್ಚಾಗಬೇಕು. ಅಲೆ ಬಡಿಯುವ ದಪ್ಪ ಮರಳಿನಲ್ಲಿ ನೀರು ಸದಾ ಒಳಗೆ ಹರಿದು ಹೊರಗೆ ಬರುವುದರಿಂದ ಇದು ಸಾಧ್ಯ. ನುಣ್ಣನೆಯ ಕೆಸರಿನಲ್ಲಿ ಆಮ್ಲಜನಕ ಇಳಿಯುವುದು ಕೆಲವೇ ಮಿಲಿಮೀಟರ್. ಅದರ ಕೆಳಗೆ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಪದರ. ಅಲ್ಲಿ ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಎಣ್ಣೆಯನ್ನು ಕರಗಿಸುವುದು ನಿಜ, ಆದರೆ ಬಹಳ ನಿಧಾನ.

ಹಾಗಾದರೆ ಗಾಳಿಯೇ ಇಳಿಯದ ಕೆಸರಿಗೆ ಎಣ್ಣೆ ಇಳಿಯುವುದಾದರೂ ಹೇಗೆ? ಏಡಿ ಮತ್ತು ಹುಳುಗಳ ಬಿಲಗಳೇ ಕೊಳವೆಗಳಾಗುತ್ತವೆ. ಸತ್ತ ಬೇರು ಕೊಳೆತು ಬಿಟ್ಟ ಪೊಳ್ಳುಗಳಲ್ಲೂ ಇಳಿಯುತ್ತದೆ. 1991ರ ಕೊಲ್ಲಿ ಯುದ್ಧದ ಎಣ್ಣೆ ಸೌದಿ ಅರೇಬಿಯಾದ ಜೌಗು ತೀರಗಳಲ್ಲಿ ಅಷ್ಟು ಆಳಕ್ಕೆ ಹೋದದ್ದು ಹೆಚ್ಚಾಗಿ ಏಡಿಬಿಲಗಳ ಮೂಲಕವೇ. ಮರಳಿನಲ್ಲಿ ದಾರಿ ಬೇರೆ. ಬಿರುಗಾಳಿಯ ಕಾಲದಲ್ಲಿ ಅಲೆಗಳು ಮರಳನ್ನು ಕಿತ್ತುಕೊಂಡು ಹೋಗಿರುತ್ತವೆ, ಎಣ್ಣೆ ಆ ತಗ್ಗಿನ ಮೇಲೆ ಬಂದು ಕೂರುತ್ತದೆ. ಕಡಲು ಶಾಂತವಾದಾಗ ಅದೇ ಅಲೆಗಳು ಮರಳನ್ನು ತಂದು ಮೇಲೆ ಹಾಸುತ್ತವೆ. ಪತ್ರಿಕೆಗೆ ಬರುವ ಬಿಳಿ ಮರಳಿನ ಚಿತ್ರ ಎಷ್ಟೋ ಸಲ ಈ ಹಾಸೇ ಹೊರತು ಶುಚಿಯಾದ ತೀರವಲ್ಲ. ಮುಂದಿನ ಬಿರುಗಾಳಿಗೆ ಅದು ಮತ್ತೆ ತೆರೆದುಕೊಂಡು ಡಾಂಬರಿನ ಉಂಡೆಗಳಾಗಿ ಹೊರಬಂದಾಗ ‘ಹೊಸ ಸೋರಿಕೆ’ ಎಂದು ಗದ್ದಲವಾಗುತ್ತದೆ.

ಅದಕ್ಕೇ ಗುಂಡಿ ತೋಡಬೇಕು. ನೀರಿನ ಅಂಚಿಗೆ ಲಂಬವಾಗಿ ಒಂದು ಗೆರೆ ಹಾಕಿಕೊಂಡು, ದೊಡ್ಡ ಉಬ್ಬರದ ಗುರುತು, ಇಳಿತದ ಅಂಚು ಮತ್ತು ಇವೆರಡರ ನಡುಮಟ್ಟ, ಈ ಮೂರು ಕಡೆ ತೋಡಬೇಕು. ಅರ್ಧ ಮೀಟರಿನಿಂದ 1 ಮೀಟರ್ ಆಳ, ಅಥವಾ ನೀರು ಜಿನುಗುವ ತನಕ. ಗುಂಡಿಯ ಒಂದು ಗೋಡೆಯನ್ನು ಚೊಕ್ಕ ಕರಣೆಯಿಂದ ಅಡ್ಡಡ್ಡ ಸವರಿ ಹಸನು ಮಾಡಿದರೆ ಪದರಗಳು ತಾವಾಗಿ ಕಾಣುತ್ತವೆ. ಕಂದು ಗೆರೆ ಎಷ್ಟು ಆಳದಲ್ಲಿ ಶುರುವಾಯಿತು, ಎಷ್ಟು ದಪ್ಪ ಇದೆ, ಕೈಗೆ ಅಂಟುತ್ತದೆಯೋ ಕಲೆ ಮಾತ್ರ ಉಳಿಯುತ್ತದೆಯೋ, ಇವನ್ನು ಅಳತೆಪಟ್ಟಿ ಇಟ್ಟ ಚಿತ್ರದ ಸಮೇತ ಬರೆದಿಡಬೇಕು. ಮಾದರಿಯನ್ನು ಕೆಳಗಿನ ಪದರದಿಂದ ಮೇಲಕ್ಕೆ ತೆಗೆಯುತ್ತಾ ಬರಬೇಕು. ಮೇಲಿನಿಂದ ಶುರು ಮಾಡಿದರೆ ಮೇಲಿನ ಜಿಡ್ಡು ಜಾರಿ ಕೆಳಗಿನ ಶುದ್ಧ ಮರಳಿಗೂ ಅಂಟಿ, ಎಣ್ಣೆ ಇಲ್ಲದ ಆಳದಲ್ಲೂ ಇದೆಯೆಂದು ವರದಿ ಬರುತ್ತದೆ.

ಗುಂಡಿಯಲ್ಲಿ ನಿಂತ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡೊಡನೆ ಎಣ್ಣೆ ಎಂದು ತೀರ್ಮಾನಿಸುವುದೂ ತಪ್ಪು. ಕಬ್ಬಿಣದ ಅಂಶವನ್ನು ಬಳಸುವ ಬ್ಯಾಕ್ಟೀರಿಯಾಗಳು ಕೂಡ ಜೌಗಿನಲ್ಲಿ ಅಂಥದ್ದೇ ಹೊಳಪಿನ ಪೊರೆ ಕಟ್ಟುತ್ತವೆ. ಕಡ್ಡಿಯಿಂದ ಮೆಲ್ಲನೆ ಕೆದಕಿ ನೋಡಿ. ಬ್ಯಾಕ್ಟೀರಿಯಾದ ಪೊರೆ ಗಾಜಿನ ಚೂರುಗಳಂತೆ ಒಡೆದು ಬಿಡಿಬಿಡಿಯಾಗಿ ತೇಲುತ್ತದೆ. ಎಣ್ಣೆಯಾದರೆ ಕಡ್ಡಿ ಸರಿದ ಜಾಗಕ್ಕೆ ಸುಳಿಸುತ್ತಿ ಬಂದು ಮತ್ತೆ ಕೂಡಿಕೊಳ್ಳುತ್ತದೆ. ಯಾವ ಉಪಕರಣವೂ ಬೇಡದ ಈ ಪರೀಕ್ಷೆಯನ್ನು ತೀರದ ಜನರೆಲ್ಲ ಕಲಿತಿರಬೇಕು.

ಮಾದರಿ ತುಂಬುವ ಡಬ್ಬಿಯ ವಿಷಯದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಪ್ಲಾಸ್ಟಿಕ್ ಚೀಲ, ಪ್ಲಾಸ್ಟಿಕ್ ಡಬ್ಬಿ ಎರಡೂ ಬೇಡ. ಅವು ಎಣ್ಣೆಯ ಅಂಶವನ್ನು ಹೀರುತ್ತವೆ, ತಮ್ಮಲ್ಲಿರುವ ರಾಸಾಯನಿಕವನ್ನು ಮಾದರಿಗೆ ಬಿಡುತ್ತವೆ. ಅಗಲ ಬಾಯಿಯ 250 ಮಿಲಿಲೀಟರ್ ಗಾಜಿನ ಬಾಟಲಿ ಬೇಕು. ಅದನ್ನು ದ್ರಾವಕದಿಂದ ತೊಳೆದಿರಬೇಕು, ಇಲ್ಲವೇ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸಿರಬೇಕು. ಮುಚ್ಚಳದ ಒಳಗೆ ಟೆಫ್ಲಾನ್ ಪದರ ಅಥವಾ ಹಾಗೆಯೇ ಕಾಯಿಸಿದ ಅಲ್ಯುಮಿನಿಯಂ ಹಾಳೆ ಇರಬೇಕು. ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಬೇಕು, ಕಂಠದವರೆಗೆ ತುಂಬಿ ಶೀತಲ ಪೆಟ್ಟಿಗೆಗೆ ಇಟ್ಟರೆ ನೀರು ಹೆಪ್ಪುಗಟ್ಟಿ ಗಾಜು ಸೀಳುತ್ತದೆ. ಚಮಚ ಸ್ಟೀಲಿನದು, ಕೈಗವಸು ನೈಟ್ರೈಲ್‌ನದು. ಕೈಗೆ ಬಳಿದ ಸನ್‌ಸ್ಕ್ರೀನ್, ದೋಣಿಯ ಎಂಜಿನ್ ಹೊಗೆ, ತಳದಲ್ಲಿ ನಿಂತ ಡೀಸೆಲ್ ನೀರು, ಯಾವುದು ತಾಗಿದರೂ ಮಾದರಿ ಕೆಟ್ಟಿತು. ದೋಣಿಯಿಂದ ತೆಗೆಯುವಾಗ ಎಂಜಿನ್ ನಿಲ್ಲಿಸಿ, ಗಾಳಿ ಬರುವ ಬದಿಯಲ್ಲಿ ನಿಂತು ತೆಗೆಯಬೇಕು. ಜೊತೆಗೆ ಒಂದು ಖಾಲಿ ಬಾಟಲಿಯನ್ನು ಸ್ಥಳದಲ್ಲಿ ತೆರೆದು ಮುಚ್ಚಿ, ಪ್ರಯೋಗಾಲಯಕ್ಕೆ ಕಳಿಸಬೇಕು. ಅದರಲ್ಲೂ ಎಣ್ಣೆ ಸಿಕ್ಕರೆ ದೋಷ ಸಂಗ್ರಹಣೆಯಲ್ಲಿದೆ.

ಕೆಸರಿನಲ್ಲಾದರೆ ಕೊಳವೆಯನ್ನು ಲಂಬವಾಗಿ ಇಳಿಸಿ, ಎತ್ತಿದ ಕಂಬವನ್ನು 2 ಸೆಂಟಿಮೀಟರ್ ಹೋಳುಗಳಾಗಿ ಕತ್ತರಿಸಬೇಕು. ಕೊಳವೆ ಇಳಿಯುವಾಗ ಮೇಲಿನ ಎಣ್ಣೆ ಒಳಗೋಡೆಗುಂಟ ಉಜ್ಜಿಕೊಂಡು ಹೋಗುವುದರಿಂದ ಪ್ರತಿ ಹೋಳಿನ ಹೊರ ಅಂಚನ್ನು ಕೆರೆದು ಬಿಸಾಡಿ, ನಡುಭಾಗವನ್ನಷ್ಟೇ ಇಟ್ಟುಕೊಳ್ಳಬೇಕು. ಪ್ರತಿ ಜಾಗದಲ್ಲೂ ಮೂರು ಮಾದರಿ ಬೇಕೇ ಬೇಕು. ಎಣ್ಣೆ ಸಮವಾಗಿ ಹರಡುವುದಿಲ್ಲ, ಒಂದು ಮೀಟರ್ ಆಚೀಚೆಗೆ ಸಂಖ್ಯೆ ಹತ್ತು ಪಟ್ಟು ಬದಲಾದರೂ ಆಶ್ಚರ್ಯವಿಲ್ಲ. ತೆಗೆದದ್ದನ್ನು ಮಂಜುಗಡ್ಡೆಯಲ್ಲಿಟ್ಟು ಸಾಗಿಸಿ, 4 ಡಿಗ್ರಿಯಲ್ಲಿ ಇಡುವುದಾದರೆ 14 ದಿನದೊಳಗೆ ಅದರ ಎಣ್ಣೆಯನ್ನು ದ್ರಾವಕದಲ್ಲಿ ಕರಗಿಸಿ ಬೇರ್ಪಡಿಸಬೇಕು. ತಡವಾಗುವುದಾದರೆ ಮೈನಸ್ 20ರಲ್ಲಿ ಹೆಪ್ಪುಗಟ್ಟಿಸಿ ಇಡಬೇಕು.

ಪ್ರಯೋಗಾಲಯದಿಂದ ಬರುವ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ‘ಆಯಿಲ್ ಅಂಡ್ ಗ್ರೀಸ್’ ಎಂಬ ತೂಕದ ಪರೀಕ್ಷೆ ಅಗ್ಗ, ಎಲ್ಲ ಕಡೆ ಮಾಡುತ್ತಾರೆ. ದ್ರಾವಕದಲ್ಲಿ ಕರಗಿದ್ದನ್ನೆಲ್ಲ ಅದು ಎಣ್ಣೆ ಎಂದೇ ಲೆಕ್ಕ ಹಾಕುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಲ್ಲಿ ಎಲೆಯ ಮೇಣ, ಜೀವಿಗಳ ಕೊಬ್ಬು ಹೇರಳ. ಹೀಗಾಗಿ ಒಂದು ತೊಟ್ಟು ಪೆಟ್ರೋಲಿಯಂ ಇಲ್ಲದ ಕೆಸರೂ ಕೆಟ್ಟದ್ದೆಂದು ತೋರಬಹುದು. ಇನ್ನೊಂದು ಕಡೆ, ಆವಿಯಾಗಿಸಿ ತೂಗುವಾಗ ಹಗುರ ಅಂಶಗಳೆಲ್ಲ ಹಾರಿಹೋಗಿ ಡೀಸೆಲ್ ಮಾಲಿನ್ಯ ಕಡಿಮೆ ಎಂದು ತೋರುತ್ತದೆ.

ಸರಿಯಾದ ದಾರಿ ಎಣ್ಣೆಯ ಸಂಯುಕ್ತಗಳನ್ನು ಬಿಡಿಸಿ ಒಂದೊಂದನ್ನೇ ಗುರುತಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೀಟರ್. ಅಲ್ಲೂ ಒಂದು ಬಲೆ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪಟ್ಟಿ ಮಾಡಿದ 16 ಪಾಲಿಸೈಕ್ಲಿಕ್ ಆರೋಮ್ಯಾಟಿಕ್ ಸಂಯುಕ್ತಗಳನ್ನು, ಅಂದರೆ ಇಂಗಾಲದ ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿರುವ ಪಿಎಎಚ್‌ಗಳನ್ನು ಮಾತ್ರ ಅಳೆದು ಕೈತೊಳೆದುಕೊಳ್ಳುವುದು ರೂಢಿ. ಆ ಪಟ್ಟಿ ಎಣ್ಣೆ ಸೋರಿಕೆಗೆಂದು ಮಾಡಿದ್ದಲ್ಲ. ಪೆಟ್ರೋಲಿಯಂನಲ್ಲಿ ಹೆಚ್ಚಿಗಿರುವುದು ಮೂಲ ಉಂಗುರಕ್ಕೆ ಮೀಥೈಲ್, ಈಥೈಲ್ ಬಾಲಗಳು ಅಂಟಿದ ಆಲ್ಕೈಲ್ ರೂಪಗಳು: ನ್ಯಾಫ್ತಲೀನ್, ಫಿನಾಂಥ್ರೀನ್, ಡೈಬೆಂಜೋಥಯೋಫೀನ್, ಕ್ರೈಸೀನ್ ಮನೆತನಗಳ ಕವಲುಗಳು. ಅವನ್ನು ಬಿಟ್ಟರೆ ಎಣ್ಣೆಯ ಬಹುಪಾಲು ಪಿಎಎಚ್ ಲೆಕ್ಕಕ್ಕೇ ಬರುವುದಿಲ್ಲ. ವರದಿ ಸಿಕ್ಕಾಗ ‘ಎಷ್ಟು ಸಂಯುಕ್ತ ಅಳೆದಿರಿ, ಆಲ್ಕೈಲ್ ರೂಪಗಳು ಸೇರಿವೆಯೇ’ ಎಂಬುದು ನಿಮ್ಮ ವರದಿಗಾರರು ಕೇಳಬೇಕಾದ ಮೊದಲ ಪ್ರಶ್ನೆ.

ಎರಡನೆಯದು, ಸಂಖ್ಯೆ ಒಣತೂಕಕ್ಕೋ ಹಸಿತೂಕಕ್ಕೋ? 60 ಶೇಕಡಾ ನೀರಿರುವ ಕೆಸರಿನಲ್ಲಿ ಹಸಿತೂಕಕ್ಕೆ ಗ್ರಾಮಿಗೆ 100 ಮೈಕ್ರೊಗ್ರಾಂ ಎಂದರೆ ಒಣತೂಕಕ್ಕೆ 250. ಒಂದೇ ಕೆಸರು, ಒಂದೇ ಎಣ್ಣೆ, ಎರಡೂವರೆ ಪಟ್ಟು ವ್ಯತ್ಯಾಸ. ಮರಳನ್ನು ಕೆಸರಿನೊಂದಿಗೆ ಹೋಲಿಸುವುದೂ ಸಲ್ಲದು. ನುಣುಪು ಕಣಗಳು ಮತ್ತು ಸಾವಯವ ಇಂಗಾಲ ಹೆಚ್ಚಿದ್ದಷ್ಟೂ ಹೈಡ್ರೋಕಾರ್ಬನ್ ಹೆಚ್ಚು ಹಿಡಿದುಕೊಳ್ಳುತ್ತವೆ. ಮೂರನೆಯದು, ಮಾದರಿಗೆ ಮೊದಲೇ ಬೆರೆಸಿದ ಗುರುತಿನ ಸಂಯುಕ್ತ ಕೊನೆಗೆ ಎಷ್ಟು ಶೇಕಡಾ ಮರಳಿ ಸಿಕ್ಕಿತು? ಗುರುತಿಗೆಂದು ಡ್ಯೂಟೀರಿಯಂ (ಭಾರ ಜಲಜನಕ) ಸೇರಿಸಿದ ನ್ಯಾಫ್ತಲೀನ್ 20 ಶೇಕಡಾ ಮಾತ್ರ ಸಿಕ್ಕಿದ್ದರೆ, ದ್ರಾವಕವನ್ನು ನೈಟ್ರೋಜನ್ ಗಾಳಿಯಡಿ ಪೂರ್ತಿ ಒಣಗಿಸಿಬಿಟ್ಟಿರುವ ಸಾಧ್ಯತೆ ಹೆಚ್ಚು. ಹಾಗಾಗಿದ್ದರೆ ಮಾದರಿಯ ನ್ಯಾಫ್ತಲೀನ್ ಕೂಡ ಅದರ ಜೊತೆ ಹಾರಿಹೋಗಿರುತ್ತದೆ.

ಯಾರ ಎಣ್ಣೆ ಎಂಬ ಪ್ರಶ್ನೆಗೂ ಉತ್ತರ ಅದೇ ಯಂತ್ರದಲ್ಲಿದೆ. ಸುಟ್ಟ ಇಂಧನದ ಮಸಿಯಲ್ಲಿ ಬಾಲವಿಲ್ಲದ ಮೂಲ ಸಂಯುಕ್ತ ಎತ್ತರಕ್ಕಿದ್ದು, ಬಾಲ ಹೆಚ್ಚಾದಂತೆ ನಕ್ಷೆಯ ಗೆರೆ ಇಳಿಯುತ್ತಾ ಹೋಗುತ್ತದೆ. ಸುಡದ ಪೆಟ್ರೋಲಿಯಂನಲ್ಲಿ ನಡುವೆ ಉಬ್ಬಿ ಗಂಟೆಯ ಆಕಾರ ಬರುತ್ತದೆ. ಹೋಪೇನ್, ಸ್ಟೆರೇನ್ ಎಂಬ ಸಂಯುಕ್ತಗಳು ಕೋಟ್ಯಂತರ ವರ್ಷಗಳ ಹಿಂದಿನ ಜೀವಿಗಳ ಪಳೆಯುಳಿಕೆ, ಬ್ಯಾಕ್ಟೀರಿಯಾಗಳು ಸುಲಭಕ್ಕೆ ತಿನ್ನಲಾರವು. ಅವುಗಳ ಪರಸ್ಪರ ಪ್ರಮಾಣವೇ ಆ ಎಣ್ಣೆಯ ಬೆರಳಚ್ಚು. ಹಡಗಿನ ಪ್ರತಿ ಟ್ಯಾಂಕಿನಿಂದಲೂ ಮಾದರಿ ತೆಗೆದಿಟ್ಟಿದ್ದರೆ ಮಾತ್ರ ಈ ಹೋಲಿಕೆ ಸಾಧ್ಯ. ಡೀಸೆಲ್‌ನಲ್ಲಿ ಹೋಪೇನ್ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೆ ಸೆಸ್ಕ್ವಿಟರ್ಪೇನ್‌ಗಳನ್ನು ನೋಡಬೇಕು.

ಹೋಪೇನ್‌ನಿಂದ ಇನ್ನೂ ಒಂದು ಸತ್ಯ ತಿಳಿಯುತ್ತದೆ, ಅದು ‘ನಿಸರ್ಗವೇ ಸರಿಪಡಿಸಿತು’ ಎಂಬ ಹೇಳಿಕೆಗೆ ನೇರ ಸಂಬಂಧಿಸಿದ್ದು. ಆರು ತಿಂಗಳಲ್ಲಿ ಒಟ್ಟು ಹೈಡ್ರೋಕಾರ್ಬನ್ ಅರ್ಧಕ್ಕೆ ಇಳಿಯಿತು ಎನ್ನೋಣ. ಹೋಪೇನ್ ಹಾಗೆಯೇ ಉಳಿದಿದ್ದರೆ ಬ್ಯಾಕ್ಟೀರಿಯಾಗಳು ನಿಜಕ್ಕೂ ಕೆಲಸ ಮಾಡಿವೆ. ಹೋಪೇನ್ ಕೂಡ ಅರ್ಧಕ್ಕಿಳಿದಿದ್ದರೆ ಎಣ್ಣೆ ಕರಗಿಲ್ಲ, ತೊಳೆದುಹೋಗಿ ಬೇರೆಲ್ಲೋ, ಬಹುಶಃ ತೀರದಾಚೆಯ ತಳದ ಹೂಳಿನಲ್ಲಿ, ಕೂತಿದೆ. ಬಿಸಿಲಿಗೆ ಬಿದ್ದ ಎಣ್ಣೆಯ ಒಂದಷ್ಟು ಭಾಗ ಆಮ್ಲಜನಕದೊಂದಿಗೆ ಕೂಡಿ, ಸಾಮಾನ್ಯ ಪರೀಕ್ಷೆಯ ಕಣ್ಣಿಗೆ ಬೀಳದ ರೂಪಕ್ಕೂ ಹೋಗುತ್ತದೆ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ತೈಲಬಾವಿಯಿಂದಾದ ‘ಡೀಪ್‌ವಾಟರ್ ಹೊರೈಜನ್’ ಸೋರಿಕೆಯ ಮೇಲೆ ನಡೆದ ಅಧ್ಯಯನಗಳು ಇದನ್ನು ಎತ್ತಿ ತೋರಿಸಿವೆ.

ಶುಚಿ ಮಾಡುವ ಕೈಗಳೇ ಎಣ್ಣೆಯನ್ನು ಆಳಕ್ಕೆ ತಳ್ಳುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಕೆಸರಿನಲ್ಲಿ ಒಂದು ಹೆಜ್ಜೆ ಊರಿದರೆ ಮೇಲೆ ಬೊಟ್ಟಿನಷ್ಟು ದಪ್ಪವಿದ್ದ ಎಣ್ಣೆ ಮೊಣಕಾಲಿನ ಆಳಕ್ಕೆ ಹೋಗುತ್ತದೆ. ಹಲಗೆ ಹಾಸದೆ ಕಾಂಡ್ಲಾ ಕಾಡಿಗೆ ಯಾರನ್ನೂ ಇಳಿಸಬಾರದು. ಮರಳಿನ ಮೇಲೆ ಜೆಸಿಬಿ ಓಡಿಸಿದರೂ ಇದೇ ಕಥೆ. ಜೊತೆಗೆ ಎಣ್ಣೆಗಿಂತ ಮರಳನ್ನೇ ಹೆಚ್ಚು ಹೊತ್ತೊಯ್ಯುತ್ತದೆ. 1999ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಕರಾವಳಿಯಾಚೆ ‘ಎರಿಕಾ’ ಹಡಗು ಮುರಿದಾಗ ಚೆಲ್ಲಿದ್ದು ಸುಮಾರು 20 ಸಾವಿರ ಟನ್, ತೀರದಿಂದ ಎತ್ತಿದ ತ್ಯಾಜ್ಯ 2 ಲಕ್ಷ ಟನ್ ಮೀರಿತು. ಅಲಾಸ್ಕಾದಲ್ಲಿ ಹೆಚ್ಚು ಒತ್ತಡದ ಬಿಸಿನೀರು ಬಿಟ್ಟು ತೊಳೆದ ಕಡೆ, ಎಣ್ಣೆಯಿಂದ ಬದುಕುಳಿದಿದ್ದ ಜೀವಿಗಳೂ ಬೆಂದು ಸತ್ತವು. 1967ರಲ್ಲಿ ‘ಟಾರಿ ಕ್ಯಾನ್ಯನ್’ ಹಡಗಿನಿಂದ ಸೋರಿದ ಎಣ್ಣೆಯ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಸುಮಾರು 10,000 ಟನ್ ಮಾರ್ಜಕ ಸುರಿದರು. ಅದನ್ನು ಸುರಿದ ಬಂಡೆಗಳಿಗಿಂತ ಸುರಿಯದೆ ಬಿಟ್ಟ ಬಂಡೆಗಳು ಬೇಗ ಚೇತರಿಸಿಕೊಂಡವು.

ಮರಳಿಗೆ ಕೈ ಸಲಿಕೆ, ತೆಳು ಪದರವಾಗಿ ಬಾಚುವುದು, ಕಡಿಮೆ ಒತ್ತಡದಲ್ಲಿ ಸಮುದ್ರದ ತಣ್ಣೀರು ಹರಿಸಿ ಕೆಳಗೆ ಹೀರುಪಟ್ಟಿಯಿಂದ ಹಿಡಿಯುವುದು ಒಳ್ಳೆಯದು. ಅಲೆಯ ಬಲ ಇರುವಲ್ಲಿ ಉಳಿದ ಕಲೆಮರಳನ್ನು ಇಳಿತದ ಹೊತ್ತಿಗೆ ಕೆಳಗೆ ಸರಿಸಿ ಅಲೆಗೇ ತೊಳೆಯಲು ಬಿಡಬಹುದು. ಗೊಬ್ಬರ ಹಾಕಿ ಬ್ಯಾಕ್ಟೀರಿಯಾ ಬೆಳೆಸುವ ಮಾತೂ ಕೇಳಿಬರುತ್ತದೆ. 1 ಗ್ರಾಂ ಎಣ್ಣೆಗೆ ಸುಮಾರು 150 ಮಿಲಿಗ್ರಾಂ ಸಾರಜನಕ, 30 ಮಿಲಿಗ್ರಾಂ ರಂಜಕ ಬೇಕಾಗುವುದರಿಂದ ಗಾಳಿಯಾಡುವ ದಪ್ಪ ಮರಳಿನಲ್ಲಿ ಇದರಿಂದ ಲಾಭವಿದೆ. ಗಾಳಿಯಿಲ್ಲದ ಕೆಸರಿಗೆ ಗೊಬ್ಬರ ಹಾಕಿದರೆ ಪಾಚಿ ಬೆಳೆಯುತ್ತದೆ, ಎಣ್ಣೆ ಅಲ್ಲೇ ಇರುತ್ತದೆ. ಅಂಥ ಕೆಸರನ್ನು ಎಷ್ಟೋ ಸಲ ಮುಟ್ಟದೆ ಬಿಡುವುದೇ ಸರಿ, ಆದರೆ ಅಳೆಯುತ್ತಾ ಇರಬೇಕು.

ಎಷ್ಟಿದ್ದರೆ ಅಪಾಯ? 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮಾರ್ಗಸೂಚಿಯನ್ನು ಹಲವು ದೇಶಗಳ ಸಂಶೋಧಕರು ಬಳಸುತ್ತಾರೆ. ಅದರ ಪ್ರಕಾರ ಕೆಸರಿನ ಒಟ್ಟು ಪಿಎಎಚ್ ಒಣತೂಕದ ಕಿಲೋಗೆ 4,022 ಮೈಕ್ರೊಗ್ರಾಂಗಿಂತ ಕೆಳಗಿದ್ದರೆ ತಳದ ಜೀವಿಗಳಿಗೆ ಹಾನಿ ಅಪರೂಪ, 44,792ನ್ನು ದಾಟಿದರೆ ಹಾನಿ ಸಾಮಾನ್ಯ. ಇವು ಎಚ್ಚರಿಕೆಯ ಗೆರೆಗಳೇ ಹೊರತು ಕಾನೂನಿನ ಮಿತಿಯಲ್ಲ. ಬಹುಪಾಲು ಮೂಲ ಸಂಯುಕ್ತಗಳ ಮೊತ್ತದ ಮೇಲೆ ನಿಂತ ಲೆಕ್ಕವಾದ್ದರಿಂದ ಆಲ್ಕೈಲ್ ರೂಪಗಳನ್ನೂ ಕೂಡಿಸಿದ ಮೊತ್ತವನ್ನು ನೇರವಾಗಿ ಪಕ್ಕದಲ್ಲಿಡಬಾರದು. ಸಂಖ್ಯೆಯ ಜೊತೆಗೆ ಆಂಫಿಪಾಡ್ ಎಂಬ ಪುಟ್ಟ ತಳಜೀವಿಗಳನ್ನು ಆ ಕೆಸರಿನಲ್ಲಿ 10 ದಿನ ಬಿಟ್ಟು ಎಷ್ಟು ಬದುಕಿದವು ಎಂದು ನೋಡುವ ಪರೀಕ್ಷೆಯೂ ಆಗಬೇಕು.

ತಿನ್ನುವವರ ಆತಂಕಕ್ಕೆ ಎರಡು ಮಾತು. ಮೀನಿನ ಯಕೃತ್ತು ಪಿಎಎಚ್‌ಗಳನ್ನು ಬೇಗ ಒಡೆದು ಪಿತ್ತರಸಕ್ಕೆ ಕಳಿಸುವುದರಿಂದ ಮಾಂಸದಲ್ಲಿ ಅವು ಕಡಿಮೆ. ಕೆಸರಲ್ಲೇ ಬದುಕುವ ಚಿಪ್ಪುಜೀವಿಗಳಿಗೆ ಆ ಶಕ್ತಿ ತೀರ ಕಡಿಮೆ, ಮೈಯಲ್ಲೇ ಕೂಡಿಟ್ಟುಕೊಳ್ಳುತ್ತವೆ. ಆದ್ದರಿಂದ ಪರೀಕ್ಷೆ ಚಿಪ್ಪಿನಿಂದ ಶುರುವಾಗಬೇಕು, ನಿರ್ಬಂಧವೂ ಚಿಪ್ಪಿಗೊಂದು, ಮೀನಿಗೊಂದು ಬೇರೆಬೇರೆ ಇರಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಕಡಲ ಆಹಾರ ವಿಷ’ ಎಂದು ಬರೆದರೆ ತಪ್ಪೇ ಇಲ್ಲದ ಮೀನುಗಾರರ ಹೊಟ್ಟೆಗೆ ಹೊಡೆದಂತೆ.

ನಿಮ್ಮಲ್ಲಿ ನಮ್ಮ ಕೋರಿಕೆ ಇಷ್ಟು. ಮುಂದೆ ‘ಸ್ವಚ್ಛ’ ಎಂಬ ಹೇಳಿಕೆ ಬಂದಾಗ ಅದರ ಪಕ್ಕದಲ್ಲೇ ಎಷ್ಟು ಗುಂಡಿ, ಎಷ್ಟು ಆಳ, ಯಾವ ದಿನ, ಎಷ್ಟು ಸಂಯುಕ್ತ, ಎಣ್ಣೆ ತಾಗದ ಅಂಥದ್ದೇ ತೀರದಲ್ಲಿ ಎಷ್ಟಿತ್ತು ಎಂಬುದನ್ನು ಕೇಳಿ ಪ್ರಕಟಿಸಿ. ತಿಂಗಳಿಗೆ, ಮೂರು ತಿಂಗಳಿಗೆ, ಬಿರುಗಾಳಿಯ ಕಾಲದ ಹಿಂದೆ ಮತ್ತು ಮುಂದೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಅದೇ ಜಾಗಗಳ ಸಂಖ್ಯೆ ಮತ್ತೆ ಕೇಳಿ.

ಸೋರಿಕೆಯ ಮೊದಲ ದಿನವೇ ಇನ್ನೊಂದು ಪ್ರಶ್ನೆ ಕೇಳಿ. ತೇಲುವ ಎಣ್ಣೆ ಗಾಳಿಯ ವೇಗದ ಸುಮಾರು 3 ಶೇಕಡಾದಷ್ಟು ವೇಗದಲ್ಲಿ ಸರಿಯುತ್ತದೆ, ಪ್ರವಾಹ ಅದಕ್ಕೆ ಕೂಡುತ್ತದೆ ಅಥವಾ ಕಳೆಯುತ್ತದೆ. ಸೆಕೆಂಡಿಗೆ 10 ಮೀಟರ್ ಗಾಳಿ ತೀರದತ್ತ ಬೀಸುತ್ತಿದ್ದರೆ 25 ಕಿಲೋಮೀಟರ್ ದೂರದ ಎಣ್ಣೆ ದಡ ಮುಟ್ಟಲು ಹೆಚ್ಚುಕಡಿಮೆ ಒಂದು ದಿನ ಬೇಕು. ಆ ಒಂದು ದಿನದಲ್ಲಿ ನಾಲ್ಕು ಜನ, ಒಂದು ಪೆಟ್ಟಿಗೆ ಗಾಜಿನ ಬಾಟಲಿ, ಒಂದು ಸ್ಟೀಲ್ ಚಮಚ ಇದ್ದರೆ ಸೋರಿಕೆಗೆ ಮುಂಚಿನ ಮರಳು ಹೇಗಿತ್ತು ಎಂಬುದರ ಸಾಕ್ಷಿ ಶೀತಲ ಪೆಟ್ಟಿಗೆ ಸೇರುತ್ತದೆ. ಅದನ್ನು ಯಾರಾದರೂ ತೆಗೆದಿಟ್ಟಿದ್ದಾರೆಯೇ ಎಂದು ದಯವಿಟ್ಟು ಅವತ್ತೇ ಕೇಳಿ.

ಇತಿ ತಮ್ಮ ವಿಶ್ವಾಸಿಗಳು,
ಕಡಲ ಕೆಸರಿನ ಮಾಲಿನ್ಯ ಪರೀಕ್ಷೆಯಲ್ಲಿ ತೊಡಗಿರುವ ಓದುಗರು